ಅಪ್ಪನ ಗಾಡಿ ಎಡಕ್ಕೆ ವಾಲುತ್ತಿತ್ತು

ಮಂಗಳವಾರ ಬೆಳಗ್ಗೆ ಹತ್ತೂವರೆ. ಆಫೀಸಿನಲ್ಲಿ ದಿನದ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಾ ಇತ್ತು. ಮೇಜಿನ ಕೆಳಗೆ ಫೋನು ನಡುಗಿತು. ನಮ್ಮ ಮನೆಯವರ ವಾಟ್ಸ್ಯಾಪ್ ಗ್ರೂಪಿಗೆ ಚಿಕ್ಕಪ್ಪನ ಮಗ ಒಂದು ವಿಡಿಯೊ ಹಾಕಿದ್ದ. ಬೈಕಿನ ಹಿಂದಿನ ಸೀಟಿನಲ್ಲಿ ಕೂತು ತೆಗೆದ ಹನ್ನೆರಡು ಸೆಕೆಂಡಿನ ವಿಡಿಯೊ. ಊರ ಕೆರೆ ಏರಿಯ ಮೇಲೆ ನಮ್ಮ ಗಾಡಿ ಟೊಮೆಟೊ ಬಾಕ್ಸ್ ಹೇರಿಕೊಂಡು ಹೋಗ್ತಾ ಇದೆ. ಹಿಂದಿನಿಂದ ನೋಡಿದರೆ ಇಡೀ ಗಾಡಿ ಎಡಕ್ಕೆ ವಾಲಿದೆ. ಎಡಕ್ಕೆ ಅಂದರೆ ನೀರಿನ ಕಡೆಗೆ. ಕೆಳಗೆ ಅವನು ನಗುವ ಇಮೋಜಿ ಹಾಕಿ, ‘ದೊಡ್ಡಪ್ಪನ ಗಾಡಿ ಡ್ಯಾನ್ಸು’ ಅಂತ ಬರೆದಿದ್ದ.

ನನಗೆ ನಗು ಬರಲಿಲ್ಲ. ಮೀಟಿಂಗಿನಲ್ಲಿ ನನ್ನ ಹೆಸರನ್ನು ಎರಡು ಸಲ ಕರೆದರಂತೆ, ಅದೂ ಕೇಳಿಸಲಿಲ್ಲ.

ಮಧ್ಯಾಹ್ನ ಅಮ್ಮನಿಗೆ ಫೋನ್ ಮಾಡಿದೆ. “ಅಮ್ಮಾ, ಗಾಡಿ ಯಾವಾಗಿಂದ ಹಿಂಗೈತೆ?”

“ಒಂದು ವರ್ಷದ ಮೇಲೇನೇ ಆಯ್ತು ಕಣಪ್ಪಾ. ನಿಮ್ಮಪ್ಪ ಮೂರು ಸಲ ರಿಪೇರಿ ಮಾಡಿಸಿದ್ರು. ನಿಂಗೆ ಹೇಳಬೇಡ ಅಂದಿದ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಅಂದಳು, “ರಾತ್ರಿ ಗೇಟ್ ಹತ್ರ ಹಾರನ್ ಕೇಳೋವರ್ಗೂ ನಂಗೆ ನಿದ್ದೆ ಬರಲ್ಲ.”

ಶುಕ್ರವಾರ ಸಂಜೆ ಊರಿನ ಬಸ್ ಹತ್ತಿದೆ.

ನಮ್ಮೂರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ. ಅಪ್ಪನದು ಆರು ಚಕ್ರದ ಸಣ್ಣ ಲಾರಿ, ಸೆಕೆಂಡ್ ಹ್ಯಾಂಡಲ್ಲಿ ತಗೊಂಡದ್ದು. ಮುಂದೆ ಒಂದೊಂದು ಟೈರು, ಹಿಂದೆ ಎರಡೆರಡು ಜೋಡಿ. ಅಕ್ಕಪಕ್ಕದ ತೋಟಗಳ ಟೊಮೆಟೊ ಹೇರಿಕೊಂಡು ಕೋಲಾರದ ಎಪಿಎಂಸಿ ಮಂಡಿಗೆ ಹಾಕುವುದು ಅವರ ಕೆಲಸ. ಒಂದು ಬಾಕ್ಸಿಗೆ 15 ಕೆಜಿ. ಒಂದು ಟ್ರಿಪ್ಪಿಗೆ 150 ಬಾಕ್ಸ್ ಅಂದರೆ ಹಣ್ಣೇ ಎರಡೂಕಾಲು ಟನ್, ಬಾಕ್ಸಿನ ತೂಕ ಬೇರೆ. ಎಂಟು ವರ್ಷ ದಾಟಿದ ಗಾಡಿ, ಹಾಗಾಗಿ ವರ್ಷ ವರ್ಷವೂ ಎಫ್‌ಸಿ ಮಾಡಿಸಬೇಕು. ಈ ಸಲದ್ದು ಆಗಸ್ಟಿಗೆ ಇತ್ತು. ನಾನು ಹೊರಟಾಗ ಜೂನ್ ಮುಗೀತಾ ಬಂದಿತ್ತು.

ಇನ್ನು ನನ್ನ ವಿಷಯ. ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಮಾಡುವುದು ಸಾಫ್ಟ್‌ವೇರ್ ಕೆಲಸ. ನಿಮ್ಮಲ್ಲೂ ಬಹಳ ಜನ ಹೀಗೇ ಇರುತ್ತೀರಿ. ಮಷಿನ್ ಡಿಸೈನ್ ಪರೀಕ್ಷೆಯಲ್ಲಿ ಲೀಫ್ ಸ್ಪ್ರಿಂಗ್ ಲೆಕ್ಕ ಬಂದಿತ್ತು, ಪೂರ್ತಿ ಅಂಕ ಸಿಕ್ಕಿತ್ತು. ಸೂತ್ರ ಈಗಲೂ ನೆನಪಿದೆ. ಪ್ಲೇಟುಗಳ ಸಂಖ್ಯೆ ಹೆಚ್ಚಾದಷ್ಟೂ ಸ್ಪ್ರಿಂಗ್ ಬಿಗಿ. ದಪ್ಪದ ವಿಷಯ ಬೇರೆ, ಅದು ಘನದ ಲೆಕ್ಕ. 9 ಮಿಲಿಮೀಟರ್ ಪ್ಲೇಟಿನ ಜಾಗದಲ್ಲಿ 8 ಮಿಲಿಮೀಟರಿನದು ಹಾಕಿದರೆ ಆ ಪ್ಲೇಟಿನ ಬಿಗಿ ಸುಮಾರು 30 ಶೇಕಡಾ ಕಡಿಮೆಯಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಮ್ಮ ಮನೆಯ ಗಾಡಿಯ ಕೆಳಗೆ ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಶನಿವಾರ ಬೆಳಗ್ಗೆ ಕಾಫಿ ಕುಡೀತಾ ಅಪ್ಪನನ್ನು ಕೇಳಿದೆ. “ಗಾಡಿ ವಾಲ್ತಾ ಐತಂತಲ್ಲಪ್ಪಾ?”

“ಗಾಡಿ ಅಂದ್ಮೇಲೆ ಒಂದು ಕಡೆ ವಾಲ್ತದೆ ಬಿಡೋ. ರೋಡೇ ಎಡಕ್ಕೆ ಇಳಿಜಾರು. ಎಡದ ಚಕ್ರ ಯಾವಾಗ್ಲೂ ಹಳ್ಳದಾಗೇ ಇರ್ತದೆ.”

ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಳೆ ನೀರು ಹರಿದುಹೋಗಲಿ ಅಂತ ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಸಿರುತ್ತಾರೆ. ನಾವು ಎಡಗಡೆ ಓಡಿಸುವವರು, ಎದುರಿಗೆ ಬಸ್ ಬಂದರೆ ಮಣ್ಣಿಗೆ ಇಳಿಯುವುದೂ ಎಡದ ಚಕ್ರವೇ. ಎಡದ ಸ್ಪ್ರಿಂಗ್ ಬೇಗ ಸೋಲುವುದಕ್ಕೆ ಇದೂ ಒಂದು ಕಾರಣ. ಆದರೆ ಊರಲ್ಲಿ ಅದೇ ರಸ್ತೆಯಲ್ಲಿ ಓಡುವ ಬೇರೆ ಗಾಡಿಗಳು ಇಷ್ಟೊಂದು ವಾಲಿರಲಿಲ್ಲ.

ಮೂರು ರಿಪೇರಿಗಳ ಕತೆಯನ್ನು ಒಂದೊಂದಾಗಿ ಬಿಡಿಸಿ ಕೇಳಿದೆ. ಮೊದಲ ಸಲ, ಹಿಂದಿನ ಎಡಗಡೆ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸಿದರು. ಒಂದು ತಿಂಗಳು ನೆಟ್ಟಗಿತ್ತು, ಮತ್ತೆ ವಾಲಿತು. ಎರಡನೇ ಸಲ, ಅದೇ ಕಡೆ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಕಬ್ಬಿಣದ ಪ್ಯಾಕಿಂಗ್ ಕೊಡಿಸಿದರು. ಎರಡು ತಿಂಗಳು ನಿಂತಿತು. ಮೂರನೇ ಸಲ ಎಡಗಡೆಯ ಎರಡೂ ಟೈರು ಬದಲಾಯಿಸಿದರು. ಏನೂ ಆಗಲಿಲ್ಲ.

“ಹೊಸ ಗಾಡಿ ತಗೊಳ್ಳೋಣಪ್ಪಾ. ಇಎಂಐ ನಾನು ಕಟ್ತೀನಿ” ಅಂದೆ.

ಅಪ್ಪ ಲೋಟ ಕೆಳಗಿಟ್ಟರು. “ಇದಕ್ಕೇನಾಗಿದೆ?” ಅಂದು ಎದ್ದು ಹೋದರು. ಆ ಮಾತು ತಪ್ಪಾಯಿತು ಅಂತ ನನಗೆ ಆಗಲೇ ಗೊತ್ತಾಯಿತು.

ಆಫೀಸಿನಲ್ಲಿ ಒಂದು ಬಗ್ ಬಂದರೆ ನಾವು ಮೊದಲು ಮಾಡುವುದೇನು? ಅದು ಎಷ್ಟಿದೆ, ಯಾವಾಗ ಬರುತ್ತೆ ಅಂತ ಬರೆದಿಟ್ಟುಕೊಳ್ಳುತ್ತೇವೆ. ಇಲ್ಲೂ ಅದನ್ನೇ ಮಾಡೋಣ ಅಂತ ಅಮ್ಮನ ಹೊಲಿಗೆ ಟೇಪು ತಗೊಂಡು ಅಂಗಳಕ್ಕೆ ಇಳಿದೆ. ಅಂಗಳದ ಸಿಮೆಂಟ್ ನೆಲ ಮಟ್ಟವಾಗಿದೆಯಾ ಅಂತ ಗಾರೆಯವರು ಮಾಡುವ ಹಾಗೆ ನೀರು ತುಂಬಿದ ಟ್ಯೂಬ್ ಹಿಡಿದು ನೋಡಿದೆ. ಒಂದು ಮೂಲೆ ಸ್ವಲ್ಪ ಇಳಿದಿತ್ತು, ಗಾಡಿಯನ್ನು ಈಚೆಗೆ ತಂದು ನಿಲ್ಲಿಸಿದೆವು. ಗಾಡಿ ಖಾಲಿ ಇತ್ತು. ಆರೂ ಟೈರಿನ ಗಾಳಿ ನೋಡಿದರೆ ಎಡಗಡೆ ಒಳಟೈರಿನಲ್ಲಿ ಉಳಿದವಕ್ಕಿಂತ ಕಡಿಮೆ ಇತ್ತು. ಜೋಡಿ ಟೈರಿನಲ್ಲಿ ಒಳಗಿನದು ಮೆತ್ತಗಾದರೆ ಹೊರಗಿನದು ಭಾರ ಹೊತ್ತು ಮುಚ್ಚಿಬಿಡುತ್ತೆ, ಕಣ್ಣಿಗೆ ಕಾಣಿಸುವುದಿಲ್ಲ. ಗಾಳಿ ಹಿಡಿಸಿದೆವು. ವಾಲುವುದು ಒಂಚೂರು ಕಡಿಮೆಯಾಯಿತು, ಹೋಗಲಿಲ್ಲ.

ಆಮೇಲೆ ಹಿಂದಿನ ಎರಡೂ ಕಡೆ, ಚಕ್ರದ ಹಬ್ಬಿನ ನಡುವಿನಿಂದ ಮೇಲೆ ಬಾಡಿಯ ಅಂಚಿನವರೆಗೆ ಅಳೆದೆ. ಎಡಗಡೆ 43 ಮಿಲಿಮೀಟರ್ ಕಡಿಮೆ ಬಂತು. ಫೋನಿನಲ್ಲಿ ಬರೆದುಕೊಂಡೆ.

ಗಾಡಿಯನ್ನು ಮತ್ತೆ ಶೆಡ್ಡಿಗೆ ಹಾಕೋಣ ಅಂತ ಡ್ರೈವರ್ ಸೀಟಿನಲ್ಲಿ ಕೂತೆ. ಕೂತ ತಕ್ಷಣ ಏನೋ ಒತ್ತಿದ ಹಾಗಾಯಿತು. ಸೀಟಿನ ಎಡ ಅರ್ಧದಲ್ಲಿ ಒಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಬಹಳ ದಿನ ಕೂತು ಕೂತು ಅದು ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ವಾಲಿದ ಗಾಡಿಯಲ್ಲಿ ನೆಟ್ಟಗೆ ಕೂರೋದಕ್ಕೆ ಅಪ್ಪ ತಮಗೆ ತಾವೇ ಕೊಟ್ಟುಕೊಂಡ ಪ್ಯಾಕಿಂಗ್ ಅದು. ಎದ್ದು ನಡೆಯುವಾಗ ಅವರು ಸೊಂಟ ಹಿಡಿದುಕೊಳ್ಳುವುದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ.

ಟವೆಲ್ ಇದ್ದ ಹಾಗೇ ಬಿಟ್ಟೆ. ಅಪ್ಪನಿಗೆ ಏನೂ ಹೇಳಲಿಲ್ಲ.

ಭಾನುವಾರ ಗಾಡಿ ತಗೊಂಡು ಕೋಲಾರದ ಹೊರಗೆ ಹೆದ್ದಾರಿ ಪಕ್ಕದ ಒಂದು ಸ್ಪ್ರಿಂಗ್ ಅಂಗಡಿಗೆ ಹೋದೆವು. ಲಾರಿಯವರೆಲ್ಲ ಅಲ್ಲಿನ ಮೇಸ್ತ್ರಿಯನ್ನು ಭಾಯ್ ಅಂತಲೇ ಕರೆಯುವುದು. ಅರವತ್ತರ ಆಸುಪಾಸು. ಅಂಗಡಿ ತುಂಬ ಬಾಗಿದ ಪ್ಲೇಟುಗಳ ರಾಶಿ. ನಾನು ಫೋನ್ ತೆಗೆದು ನನ್ನ ಲೆಕ್ಕ ಓದಿದೆ. ಹಿಂದೆ ಎಡಗಡೆ 43 ಮಿಲಿಮೀಟರ್ ಕಮ್ಮಿ ಇದೆ, ಎಡದ ಸ್ಪ್ರಿಂಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದರೆ ತಪ್ಪು ಸ್ಪ್ರಿಂಗಿನದಾ ಬೇರೆಯದಾ ಗೊತ್ತಾಗುತ್ತೆ ಅಂದೆ.

ಭಾಯ್ ಪೂರ್ತಿ ಕೇಳಿಸಿಕೊಂಡರು. “ಎಲ್ಲಿಂದ ಎಲ್ಲಿಗೆ ಅಳೆದ್ರಿ?”

“ಹಬ್ಬಿಂದ ಬಾಡಿಗೆ.”

“ಬಾಡಿ ಕಟ್ಟಿದ್ದು ಬಡಗಿ, ಸಾರ್. ಅದೇ ಒಂದು ಬೆರಳು ಸೊಟ್ಟ ಇರ್ಬೋದು. ಚಾಸಿಗೆ ಅಳೀರಿ.” ಒಂದು ಕ್ಷಣ ಬಿಟ್ಟು, “ಮುಂದಿನದ್ದು ಎಷ್ಟು?” ಅಂದರು.

ಮುಂದಿನದನ್ನು ನಾನು ಅಳೆದೇ ಇರಲಿಲ್ಲ. ಎರರ್ ಬಂದ ಸರ್ವರಿನ ಲಾಗ್ ಮಾತ್ರ ಓದಿ, ಅದಕ್ಕೆ ಡೇಟಾ ಕಳಿಸುವ ಇನ್ನೊಂದರ ಕಡೆ ತಿರುಗಿಯೂ ನೋಡದ ಫ್ರೆಶರ್ ಹಾಗೆ ನಿಂತಿದ್ದೆ.

ಅವರ ಹುಡುಗ ಚಾಸಿಗೆ ಅಳೆದ. ಹಿಂದೆ 38 ಮಿಲಿಮೀಟರ್ ವ್ಯತ್ಯಾಸ. ಮುಂದೆಯೂ ಎಡಗಡೆ ಕಮ್ಮಿ ಇತ್ತು. ಮುಂದೆ ಬಾನೆಟ್ಟು, ಬಂಪರ್ ಎಲ್ಲ ಇರುವುದರಿಂದ ಕಣ್ಣಿಗೆ ಅಷ್ಟು ಎದ್ದು ಕಾಣುತ್ತಿರಲಿಲ್ಲ.

“ಹಿಂದಿಂದು ಮುಂದಿಂದನ್ನ ಎಳೀತಿದೆಯೋ, ಮುಂದಿಂದು ಹಿಂದಿಂದನ್ನೋ, ಈಗ ನೋಡೋಣ” ಅಂದರು ಭಾಯ್. ಮುಂದಿನ ಚಕ್ರಗಳಿಗೆ ಕಲ್ಲು ಕೊಡಿಸಿದರು. ಹಿಂದೆ, ಚಾಸಿಯ ಎರಡು ಉದ್ದ ಪಟ್ಟಿಗಳನ್ನು ಸೇರಿಸುವ ಅಡ್ಡಪಟ್ಟಿಯ ನಟ್ಟನಡುವೆ ಜಾಕಿ ಕೊಟ್ಟು ನಿಧಾನಕ್ಕೆ ಎತ್ತಿಸಿದರು. ಹಿಂದಿನ ಸ್ಪ್ರಿಂಗುಗಳ ಮೇಲಿನ ಭಾರ ಹೋಗಿ, ಗಾಡಿಯ ಹಿಂಭಾಗ ಆ ಒಂದೇ ಬಿಂದುವಿನ ಮೇಲೆ ನಿಂತಿತು. ಯಾರೂ ಕೆಳಗೆ ಹೋಗಬಾರದು ಅಂತ ಹುಡುಗನನ್ನು ಗದರಿಸಿದರು.

ನನಗೆ ಆಗ ಅರ್ಥವಾಯಿತು. ನಡುವೆ ಒಂದೇ ಕಡೆ ಆಧಾರ ಕೊಟ್ಟರೆ ಹಿಂದಿನ ಸ್ಪ್ರಿಂಗುಗಳಿಗೆ ಗಾಡಿಯನ್ನು ಎಡಕ್ಕಾಗಲಿ ಬಲಕ್ಕಾಗಲಿ ವಾಲಿಸುವ ಶಕ್ತಿ ಇರುವುದಿಲ್ಲ. ಈಗ ಮುಂಭಾಗ ನೆಟ್ಟಗಾದರೆ ತಪ್ಪು ಹಿಂದಿನದು. ಇನ್ನೂ ವಾಲಿಯೇ ಇದ್ದರೆ ತಪ್ಪು ಮುಂದಿನದು. ಒಂದು ಸ್ಪ್ರಿಂಗ್ ಕೂಡ ಬಿಚ್ಚದೆ, ಹತ್ತು ನಿಮಿಷದಲ್ಲಿ ಅರ್ಧ ವ್ಯವಸ್ಥೆಯನ್ನು ಬೇರ್ಪಡಿಸಿ ಪರೀಕ್ಷೆ ಮಾಡಿದ್ದರು.

ಮುಂಭಾಗ ವಾಲಿಯೇ ಇತ್ತು. ಅಳೆದರೆ 22 ಮಿಲಿಮೀಟರ್. ಎಡಗಡೆ ಕಡಿಮೆ ಅನ್ನುವುದಕ್ಕಿಂತ ಬಲಗಡೆ ಹೆಚ್ಚು ಅನ್ನಬೇಕು. ಭಾಯ್ ಬಗ್ಗಿ ಮುಂದಿನ ಬಲಗಡೆ ಸ್ಪ್ರಿಂಗಿನ ಮೇಲಿನ ಮಣ್ಣು ಕೆರೆದರು. “ಯಜಮಾನ್ರೇ, ಇದು ಹೊಸದು. ಎಡಗಡೇದು ಗಾಡಿ ಜೊತೆ ಬಂದಿದ್ದು. ಒಂದೇ ಕಡೆ ಯಾಕೆ ಹಾಕಿಸಿದ್ರಿ?”

ಅಪ್ಪ ಉತ್ತರ ಕೊಡಲಿಲ್ಲ. ಹೆದ್ದಾರಿಯ ಕಡೆ ನೋಡುತ್ತಾ ನಿಂತರು.

ಅದು ಯಾಕೆ ಅನ್ನುವುದಕ್ಕೆ ಮೊದಲು, ಮುಂದೆ ಬಲಗಡೆ ಎತ್ತರವಾದರೆ ಹಿಂದೆ ಎಡಗಡೆ ಯಾಕೆ ಕುಸಿಯುತ್ತೆ ಅಂತ ಹೇಳಿಬಿಡುತ್ತೇನೆ. ಮನೆಯಲ್ಲಿರುವ ಮಂಚವನ್ನು ನೆನೆಸಿಕೊಳ್ಳಿ. ಅದರ ಒಂದು ಕಾಲಿನ ಕೆಳಗೆ ಸಣ್ಣ ಕಲ್ಲು ಇಡಿ. ಆ ಕಾಲು ಮತ್ತು ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಕಾಲು, ಇವೆರಡೇ ಭಾರ ಹೊರುತ್ತವೆ. ಉಳಿದೆರಡು ಹಗುರವಾಗಿ ಕುಟ್ಟಾಡುತ್ತವೆ. ಗಾಡಿಯ ಚಾಸಿಯೂ ಹಾಗೇ. ಮುಂದೆ ಬಲಗಡೆ ಎತ್ತರದ ಸ್ಪ್ರಿಂಗ್ ಕೂತರೆ ಗಾಡಿ ಎಡಕ್ಕೆ ಓರೆಯಾಗುತ್ತೆ, ಭಾರವೆಲ್ಲ ಮುಂದಿನ ಬಲ ಮತ್ತು ಹಿಂದಿನ ಎಡ ಮೂಲೆಗೆ ಸೇರುತ್ತೆ. ಹಿಂದೆ ಟೊಮೆಟೊ ಹೇರಿದರೆ ಕೇಳಲೇಬೇಡಿ. ದಿನಾ ತನ್ನ ಪಾಲಿಗಿಂತ ಹೆಚ್ಚು ಹೊತ್ತ ಹಿಂದಿನ ಎಡ ಸ್ಪ್ರಿಂಗ್ ನಿಧಾನಕ್ಕೆ ಸೋತಿತ್ತು.

ಅದಕ್ಕೆ ನಾವು ಕೊಟ್ಟ ಮದ್ದು ಏನು? ಅಲ್ಲೇ ಇನ್ನೊಂದು ಪ್ಲೇಟು, ಅಲ್ಲೇ ಪ್ಯಾಕಿಂಗ್. ಮಂಚದ ಉದಾಹರಣೆಯಲ್ಲಿ ಎದುರು ಮೂಲೆಯ ಕಾಲಿಗೂ ಕಲ್ಲು ಕೊಟ್ಟ ಹಾಗೆ. ನೋಡುವುದಕ್ಕೆ ಕೆಲವು ದಿನ ಮಟ್ಟವಾಗಿ ಕಾಣುತ್ತೆ, ಆದರೆ ಆ ಎರಡು ಮೂಲೆಗಳ ಮೇಲಿನ ಭಾರ ಇನ್ನೂ ಹೆಚ್ಚುತ್ತೆ. ಟೀಮಿನಲ್ಲಿ ಹೆಚ್ಚು ಕೆಲಸ ಮಾಡಿ ಸುಸ್ತಾದವನಿಗೇ ‘ನೀನು ಚೆನ್ನಾಗಿ ಮಾಡ್ತೀಯ’ ಅಂತ ಇನ್ನೊಂದು ಕೆಲಸ ಕೊಡ್ತಾರಲ್ಲ, ಹಾಗೆ.

ಭಾಯ್ ಹುಡುಗರು ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಬಿಚ್ಚಲು ಶುರುಮಾಡಿದರು. ನಾನೂ ಅಪ್ಪನೂ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು.

“ಯಾವಾಗ ಹಾಕಿಸಿದ್ದಪ್ಪಾ, ಮುಂದಿನ ಸ್ಪ್ರಿಂಗು?”

“ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿತ್ತಲ್ಲ, ಆ ಟೈಮು. ಹಳ್ಳಕ್ಕೆ ಇಳಿದು ಬಲಗಡೆ ಮೇನ್ ಪ್ಲೇಟು ಕಟ್ಟಾಯ್ತು.”

2023ರ ಜುಲೈ. ದೇಶಕ್ಕೆಲ್ಲ ಆಗ ಟೊಮೆಟೊದ್ದೇ ಮಾತು. “ಆಗ ದುಡ್ಡು ಚೆನ್ನಾಗೇ ಓಡಾಡ್ತಿತ್ತಲ್ಲಪ್ಪಾ” ಅಂದೆ.

ಅಪ್ಪ ನಕ್ಕರು. “ರೇಟು ಬಂದಿದ್ದು ಹಣ್ಣಿಗೆ ಕಣೋ, ಬಾಡಿಗೆಗಲ್ಲ. ಹಣ್ಣೇ ಇಲ್ದಿದ್ದಕ್ಕೆ ತಾನೆ ರೇಟು ಬಂದಿದ್ದು? ಹಣ್ಣಿಲ್ಲ ಅಂದ್ರೆ ಲೋಡಿಲ್ಲ. ವಾರಕ್ಕೆ ಎರಡು ಟ್ರಿಪ್ ಸಿಕ್ಕಿದ್ರೆ ಹೆಚ್ಚು.”

ಎಷ್ಟು ಸರಳವಾದ ಲೆಕ್ಕ. ಆ ತಿಂಗಳು ಆಫೀಸಿನ ಗೆಳೆಯರಿಗೆ ನಮ್ಮೂರಿನ ಟೊಮೆಟೊ ಮೀಮ್‌ಗಳನ್ನು ಕಳಿಸುತ್ತಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಅಲ್ಲ, ಆ ತಿಂಗಳು ನನಗೆ ಆಫೀಸೇ ಇರಲಿಲ್ಲ. ಆ ವರ್ಷ ನಮ್ಮ ಕ್ಷೇತ್ರದಲ್ಲಿ ಕೆಲಸ ಕಳೆದುಕೊಂಡವರಲ್ಲಿ ನಾನೂ ಒಬ್ಬ. ನಾಲ್ಕು ತಿಂಗಳು ಮನೆಯಲ್ಲೇ ಕೂತಿದ್ದೆ. ಗೆಳೆಯರು ಅಂದರೆ ಹಳೇ ಆಫೀಸಿನವರು.

ಅಪ್ಪ ಟೀ ಗ್ಲಾಸು ತೊಳೆಯಲು ಎದ್ದಾಗ ಬ್ಯಾಂಕಿನ ಆ್ಯಪ್ ತೆರೆದು ಹಿಂದಕ್ಕೆ ಹೋದೆ. ಜುಲೈ 2023. ಅಪ್ಪನ ಖಾತೆಯಿಂದ 40,000 ರೂಪಾಯಿ. ರೂಮಿನ ಬಾಡಿಗೆ, ಬೈಕಿನ ಕಂತು ಎರಡೂ ಬಾಕಿ ಬಿದ್ದಾಗ ನಾನೇ ಕೇಳಿದ್ದೆ. ‘ಟೊಮೆಟೊ ರೇಟು ಚೆನ್ನಾಗಿದೆಯಲ್ಲ, ಅಪ್ಪನ ಹತ್ರ ಇರುತ್ತೆ’ ಅಂದುಕೊಂಡೇ ಕೇಳಿದ್ದೆ. ಎರಡೇ ದಿನದಲ್ಲಿ ಹಾಕಿದ್ದರು.

ಅವರು ವಾಪಸ್ ಬಂದು ಕೂತರು. ನಾನು ಫೋನ್ ಒಳಗಿಟ್ಟೆ.

“ಜೋಡಿ ಹಾಕಿಸಬೇಕು ಅಂತ ಗೊತ್ತಿತ್ತು” ಅಂದರು, ನಾನು ಕೇಳದಿದ್ದರೂ. “ಎಡಗಡೇದು ಇನ್ನೂ ನಡೀತಿತ್ತು. ಮುಂದಿನ ತಿಂಗಳು ಹಾಕಿಸೋಣ ಅಂದ್ಕೊಂಡೆ. ಮುಂದಿನ ತಿಂಗಳು ಇನ್ನೇನೋ ಬಂತು.”

ಅಷ್ಟೇ ಹೇಳಿದ್ದು. ನನ್ನ ಹೆಸರು, ನನ್ನ ದುಡ್ಡು, ಯಾವುದೂ ಆ ಮಾತಿನಲ್ಲಿ ಬರಲಿಲ್ಲ. ಏನಾದರೂ ಹೇಳಬೇಕು ಅನಿಸಿತು, ಆದರೆ ನಾನು ಏನು ಹೇಳಿದರೂ ಅವರು ಎದ್ದುಹೋಗುತ್ತಿದ್ದರು. “ಇನ್ನೊಂದು ಟೀ ಹೇಳ್ಲಾ?” ಅಂದೆ. “ಹೇಳು” ಅಂದರು.

ಕೆಲಸ ಸೋಮವಾರ ಮಧ್ಯಾಹ್ನದವರೆಗೆ ಹಿಡಿಯಿತು. ಆಫೀಸಿಗೆ ರಜೆ ಹಾಕಿದೆ. ಹಿಂದಿನ ಎಡ ಸ್ಪ್ರಿಂಗನ್ನು ಬಿಡಿಸಿದಾಗ ಒಂದೊಂದೇ ಗುಟ್ಟು ಹೊರಬಂತು. ಹೆಚ್ಚಿಗೆ ಹಾಕಿಸಿದ್ದ ಪ್ಲೇಟು ಬೇರೆ ಯಾವುದೋ ಗಾಡಿಯದು, ಉಳಿದವಕ್ಕಿಂತ ಒಂದು ಮಿಲಿಮೀಟರ್ ತೆಳ್ಳಗಿತ್ತು. ಕಾಲೇಜು ಬಿಟ್ಟ ಮೇಲೆ ಮೊದಲ ಸಲ ವರ್ನಿಯರ್ ಕ್ಯಾಲಿಪರ್ ಹಿಡಿದು ನಾನೇ ಅಳೆದೆ. ಅದರ ಬಾಗು ಕೂಡ ಬೇರೆ ಇದ್ದುದರಿಂದ ಮೇಲಿನ ಪ್ಲೇಟಿಗೆ ಸರಿಯಾಗಿ ಅಂಟಿ ಕೂತಿರಲಿಲ್ಲ. ಪ್ಲೇಟುಗಳನ್ನೆಲ್ಲ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟು ಬಾಗಿತ್ತು. ಬುಷ್‌ಗಳು ಸವೆದು ಮೊಟ್ಟೆಯಾಕಾರವಾಗಿದ್ದವು.

ಭಾಯ್ ಆ ಪರದೇಶಿ ಪ್ಲೇಟನ್ನೂ ಪ್ಯಾಕಿಂಗನ್ನೂ ತೆಗೆದು ಪಕ್ಕಕ್ಕೆ ಎಸೆದರು. ಹಿಂದಿನ ಎರಡೂ ಸ್ಪ್ರಿಂಗುಗಳ ಪ್ಲೇಟುಗಳನ್ನು ಜೋಡಿ ಜೋಡಿಯಾಗಿ ನೆಲದ ಮೇಲೆ ಇಟ್ಟು, ಎಡದ್ದರ ಬಾಗು ಬಲದ್ದಕ್ಕೆ ಹೊಂದುವವರೆಗೆ ಸುತ್ತಿಗೆಯಿಂದ ಬಡಿದು ಮತ್ತೆ ಎತ್ತರಿಸಿದರು. ತಣ್ಣಗಿರುವಾಗಲೇ ಬಡಿಯುತ್ತಾರೆ. ಗ್ಯಾಸ್ ಹಿಡಿದು ಕೆಂಪಗೆ ಕಾಯಿಸಿದರೆ ಸಲೀಸಲ್ಲವಾ ಅಂತ ಕೇಳಿದೆ. “ಬಾಗೋದು ಸಲೀಸು ಸಾರ್, ಆಮೇಲೆ ಹದ ಇರಲ್ಲ. ಮೊದಲ ಲೋಡಿಗೇ ಮಲಗ್ತದೆ” ಅಂದರು. ಅದು ಪುಸ್ತಕದಲ್ಲೂ ಇರುವ ಮಾತೇ. ಸ್ಪ್ರಿಂಗ್ ಉಕ್ಕಿನ ಗುಣ ಇರುವುದು ಅದನ್ನು ಕಾಯಿಸಿ, ತಣಿಸಿ, ಮತ್ತೆ ಹದಕ್ಕೆ ತಂದ ಕ್ರಮದಲ್ಲಿ. ಸಿಕ್ಕಾಪಟ್ಟೆ ಕಾಯಿಸಿದರೆ ಅದು ಬರೀ ಕಬ್ಬಿಣದ ಪಟ್ಟಿ.

ಮುಂದಿನ ಎಡಕ್ಕೆ, ಬಲದಲ್ಲಿರುವ ಅಳತೆಯದೇ ಪ್ಲೇಟುಗಳು ಬಂದವು. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ ಬಾಗು ಸರಿಹೊಂದಿಸಿದರು. ನಾಲ್ಕೂ ಕಡೆ ಹೊಸ ಸೆಂಟರ್ ಬೋಲ್ಟು, ಹೊಸ ಬುಷ್, ಸ್ಪ್ರಿಂಗನ್ನು ಆಕ್ಸಲಿಗೆ ಬಿಗಿಯುವ ಹೊಸ ಯು ಬೋಲ್ಟುಗಳು. ಗಾಡಿ ಪೂರ್ತಿ ಚಕ್ರದ ಮೇಲೆ ಇಳಿದು ನಿಂತ ಮೇಲೆಯೇ ಕೊನೆಯ ಬಿಗಿತ ಕೊಟ್ಟರು. ಒಟ್ಟು 18,400 ರೂಪಾಯಿ. ನಾನು ಫೋನ್ ತೆಗೆಯುವಷ್ಟರಲ್ಲಿ ಅಪ್ಪ ಅಂಗಿ ಜೇಬಿಗೆ ಕೈ ಹಾಕಿದ್ದರು. “ಅರ್ಧ ಅರ್ಧ” ಅಂದೆ. ಸ್ವಲ್ಪ ಯೋಚಿಸಿ ಒಪ್ಪಿದರು. ಅವರು ಒಪ್ಪಿದ್ದು ನನಗೆ ಬಹಳ ದೊಡ್ಡ ವಿಷಯ.

ಅಳೆದೆವು. ಹಿಂದೆ 5 ಮಿಲಿಮೀಟರ್ ವ್ಯತ್ಯಾಸ, ಮುಂದೆ 3. ಎರಡೂ ಕಡೆ ಎಡಗಡೆ ಒಂಚೂರು ಕಡಿಮೆ. ಪೂರ್ತಿ ಸೊನ್ನೆ ಆಗಲ್ಲವಾ ಅಂತ ಕೇಳಿದೆ.

“ಸೊನ್ನೆ ಪುಸ್ತಕದಲ್ಲಿ, ಸಾರ್. ಯಜಮಾನ್ರು ಬಲಗಡೆ ಕೂತ್ಕೊಳ್ಳಲ್ವಾ? ಅವ್ರನ್ನ ಕೂರಿಸಿ ಅಳೀರಿ.”

ಅಪ್ಪ ಹತ್ತಿ ಕೂತರು. ಮುಂದಿನ ವ್ಯತ್ಯಾಸ ಇಲ್ಲವೆನ್ನುವಷ್ಟಾಯಿತು.

ನಿಮ್ಮ ಮನೆಯಲ್ಲೂ ಲಾರಿಯೋ, ಪಿಕಪ್ಪೋ, ಕಾರೋ ಒಂದು ಕಡೆ ವಾಲುತ್ತಿದ್ದರೆ ನನ್ನ ಅನುಭವದಿಂದ ಇಷ್ಟು ಹೇಳಬಲ್ಲೆ. ಮೊದಲು ಗಾಡಿಯಿಂದ ಲೋಡು ಇಳಿಸಿ, ಮಟ್ಟ ನೆಲದ ಮೇಲೆ ನಿಲ್ಲಿಸಿ. ಟೈರ್ ಗಾಳಿ ನೋಡಿ, ಜೋಡಿ ಟೈರಾದರೆ ಒಳಗಿನದನ್ನು ಮರೆಯಬೇಡಿ. ವಾಲಿದ ಕಡೆ ಮಾತ್ರ ಅಲ್ಲ, ನಾಲ್ಕೂ ಮೂಲೆ ಅಳೆಯಿರಿ, ಹಬ್ಬಿನಿಂದ ಚಾಸಿಗೆ. ಪ್ಲೇಟು ಮುರಿದಿದೆಯಾ, ಬುಷ್ ಸವೆದಿದೆಯಾ, ಯು ಬೋಲ್ಟ್ ಸಡಿಲವಾ ಬಗ್ಗಿ ನೋಡಿ. ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಹೋಗಬೇಡಿ. ಹಳೇ ರಿಪೇರಿಗಳನ್ನು ಕೇಳಿ ತಿಳಿದುಕೊಳ್ಳಿ, ಯಾವ ವರ್ಷ, ಯಾವ ಕಡೆ, ಯಾಕೆ ಅಂತ. ಸ್ಪ್ರಿಂಗನ್ನು ಜೋಡಿಯಾಗಿಯೇ ಬದಲಾಯಿಸಿ. ಕಾರಿನ ಸುರುಳಿ ಸ್ಪ್ರಿಂಗಿಗೂ ಇದೇ ಮಾತು. ಕಾರಣ ಗೊತ್ತಾಗುವ ಮೊದಲು ಪ್ಯಾಕಿಂಗ್ ಕೊಡಿಸಬೇಡಿ. ಹೊಸ ಯು ಬೋಲ್ಟನ್ನು ಕೆಲವು ಟ್ರಿಪ್ ಆದ ಮೇಲೆ ಇನ್ನೊಮ್ಮೆ ಬಿಗಿಸಿ, ಹೊಸದು ಕೂತುಕೊಳ್ಳುವಾಗ ಸಡಿಲವಾಗುತ್ತೆ.

ತಿಂಗಳಿಗೊಮ್ಮೆ ಮನೆಗೆ ದುಡ್ಡು ಹಾಕಿ ‘ನನ್ನ ಕರ್ತವ್ಯ ಮುಗೀತು’ ಅಂದುಕೊಳ್ಳುವುದೂ ಒಂಥರಾ ಪ್ಯಾಕಿಂಗೇ ಅಂತ ಈಗ ಅನಿಸುತ್ತೆ. ದುಡ್ಡು ಬೇಡ ಅಂತಲ್ಲ. ಅದನ್ನು ಎಲ್ಲಿಗೆ ಕೊಡಬೇಕು ಅಂತ ಗೊತ್ತಾಗಬೇಕಾದರೆ ಒಂದು ಸಲ ಟೇಪು ಹಿಡಿದು ಬಗ್ಗಲೇಬೇಕು.

ಎರಡು ವಾರ ಬಿಟ್ಟು, ಯು ಬೋಲ್ಟ್ ಬಿಗಿಸುವ ನೆವದಲ್ಲಿ ಮತ್ತೆ ಊರಿಗೆ ಹೋದೆ. ರಾತ್ರಿ ಊಟದ ಹೊತ್ತಿಗೆ ಗೇಟಿನ ಹತ್ತಿರ ಹಾರನ್ ಕೇಳಿಸಿತು. ಅಮ್ಮ ಆಗಲೇ ಮಲಗಿ ನಿದ್ದೆ ಹೋಗಿದ್ದಳು. ನಾನೇ ಹೋಗಿ ಗೇಟು ತೆಗೆದೆ. ಖಾಲಿ ಗಾಡಿ ಒಳಗೆ ಬಂದು ನೆಟ್ಟಗೆ ನಿಂತಿತು. ಅಪ್ಪ ಇಳಿದು, ಸೀಟಿನ ಹಿಂದಿನಿಂದ ಟವೆಲ್ ಎಳೆದುಕೊಂಡು ಮುಖ ಒರೆಸಿಕೊಂಡರು. ಅದರಲ್ಲಿ ನಾಲ್ಕು ಮಡಿಕೆಯ ಗೆರೆ ಇನ್ನೂ ಹಾಗೇ ಇತ್ತು.

“ಊಟ ಆಯ್ತಾ?” ಅಂದರು.

“ನಿಮಗೇ ಕಾಯ್ತಿದ್ದೆ” ಅಂದೆ.